ಅಡ್ಡಹೆಸರು: ಕಿಟೆಲ್ ಮನೆತನದಿಂದ ಕಿತ್ತೂರು ನಾಡಿನವರೆಗೆ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಪೂರ್ಣಪಾಠ)



ಒಂದು ದೇವಾಲಯವು ನೂರು ವರ್ಷಗಳಲ್ಲಿ ಗಳಿಸಿದ ಆಸ್ತಿ ಯಾವುದೆಂದು ಯಾರಾದರೂ ಕೇಳಿದರೆ ನಾವು ಕಟ್ಟಡವನ್ನು ತೋರಿಸುತ್ತೇವೆ, ಗಂಟೆಯನ್ನು ತೋರಿಸುತ್ತೇವೆ, ಬಲಿಪೀಠವನ್ನೂ ಸ್ವರೂಪಗಳನ್ನೂ ತೋರಿಸುತ್ತೇವೆ. ಇವೆಲ್ಲ ಸರಿಯೇ. ಆದರೆ ಗುರುಗಳ ಮನೆಯ ಕಪಾಟಿನಲ್ಲಿ ಬಟ್ಟೆ ಹೊದಿಸಿ ಇಟ್ಟಿರುವ ಜ್ಞಾನಸ್ನಾನದ ದಫ್ತರಗಳನ್ನು ಆ ಆಸ್ತಿಯ ಪಟ್ಟಿಯಲ್ಲಿ ಸೇರಿಸುವವರು ವಿರಳ. ಅವುಗಳಲ್ಲಿ ಇರುವುದು ಬರೀ ಹೆಸರುಗಳು. ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು. ಮತ್ತು ಪ್ರತಿಯೊಂದು ಹೆಸರಿನ ಬೆನ್ನಿಗೆ ಒಂದು ಅಡ್ಡಹೆಸರು. ಈ ಅಡ್ಡಹೆಸರಿನ ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದು ಸಮಿತಿಯವರು ನನಗೆ ಅಪ್ಪಣೆ ಕೊಟ್ಟಿದ್ದಾರೆ.

ವಿಷಯವನ್ನು ದೂರದ ಒಂದು ಹೆಸರಿನಿಂದ ಆರಂಭಿಸುವುದು ಒಳಿತೆಂದು ನನ್ನ ಭಾವನೆ. ತನ್ನ ಬೆನ್ನನ್ನು ತಾನು ನೋಡಿಕೊಳ್ಳಲು ಕನ್ನಡಿ ಬೇಕಾಗುವಂತೆ, ನಮ್ಮ ಹೆಸರನ್ನು ನಾವು ಅರಿಯಲು ಪರರ ಹೆಸರೊಂದು ಬೇಕಾಗುತ್ತದೆ. ಕನ್ನಡ ನಾಡಿನಲ್ಲಿ ಎಲ್ಲರಿಗೂ ಪರಿಚಿತವಾದ, ಆದರೆ ಕನ್ನಡಿಗರ ಯಾವ ಮನೆಯಲ್ಲಿಯೂ ಇಲ್ಲದ ಒಂದು ಜರ್ಮನ್ ಅಡ್ಡಹೆಸರು ಇದೆ. ಅದು ಕಿಟೆಲ್.

ಫರ್ಡಿನಂಡ್ ಕಿಟೆಲ್ ಅವರು 1832ರಲ್ಲಿ ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸಿಯಾ ಎಂಬ ಪ್ರಾಂತದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಅಲ್ಲಿನ ಸಭಾಪಾಲಕರು. 1853ರಲ್ಲಿ ಬಾಸೆಲ್ ಮಿಷನ್ನಿನ ಬೋಧಕರಾಗಿ ನಮ್ಮ ನಾಡಿಗೆ ಬಂದ ಅವರು ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ಸೇವೆಗೈದು, ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಪ್ರಕಟಿಸಿದರು. 1903ರಲ್ಲಿ ಟ್ಯೂಬಿಂಗೆನ್ ನಗರದಲ್ಲಿ ತೀರಿಕೊಂಡರು. ಅವರು ನಮ್ಮ ಕಥೋಲಿಕ ಧರ್ಮಸಭೆಯವರಲ್ಲ, ಪ್ರೊಟೆಸ್ಟಂಟರು. ಆದರೆ ಕನ್ನಡದಲ್ಲಿ ಬೋಧಿಸುವ, ಕನ್ನಡದಲ್ಲಿ ಪ್ರಾರ್ಥಿಸುವ ನಾವೆಲ್ಲರೂ ಅವರ ಋಣದಲ್ಲಿದ್ದೇವೆ.

ಅವರ ಅಡ್ಡಹೆಸರಿನ ಅರ್ಥವೇನು? ಕಿಟೆಲ್ ಹಾಗೂ ಕಿತ್ತೂರು ಎಂಬೆರಡು ಹೆಸರುಗಳು ಕಿವಿಗೆ ಅಣ್ಣತಮ್ಮಂದಿರಂತೆ ಕೇಳಿಸಿದರೂ ಅವುಗಳೊಳಗೆ ಯಾವ ಸಂಬಂಧವೂ ಇಲ್ಲ. ಹೆಸರುಗಳ ಮೂಲವನ್ನು ಹುಡುಕುವವನು ಮೊದಲು ಕಲಿಯಬೇಕಾದ ಪಾಠ ಇದು: ಧ್ವನಿಯ ಸಾಮ್ಯ ಸಂಬಂಧದ ಸಾಕ್ಷಿಯಲ್ಲ. ಕಿಟೆಲ್ ಎಂದರೆ ಜರ್ಮನ್ ಭಾಷೆಯಲ್ಲಿ ಮೈಮೇಲೆ ಸಡಿಲವಾಗಿ ತೊಡುವ ನಿಲುವಂಗಿ. ರೈತರು, ಕೆಲಸಗಾರರು ಬಟ್ಟೆ ಕೊಳೆಯಾಗದಿರಲೆಂದು ಮೇಲೆ ಹಾಕಿಕೊಳ್ಳುತ್ತಿದ್ದ ಅಂಗಿ. ಅಂತಹ ಅಂಗಿಗಳನ್ನು ಹೊಲಿಯುತ್ತಿದ್ದವನಿಗೋ, ಸದಾ ಅದನ್ನೇ ತೊಟ್ಟು ತಿರುಗುತ್ತಿದ್ದವನಿಗೋ ನೆರೆಹೊರೆಯವರು ಇಟ್ಟ ಹೆಸರು ಮುಂದೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಅಂಟಿಕೊಂಡಿತು. ಯೆಹೂದ್ಯರು ಪ್ರಾಯಶ್ಚಿತ್ತದ ಮಹಾದಿನದಂದು ತೊಡುವ ಬಿಳಿಯ ನಿಲುವಂಗಿಗೂ ಇದೇ ಹೆಸರು. ಮಹಾಪಂಡಿತನೊಬ್ಬನ ಮನೆತನದ ಹೆಸರಿನ ಮೂಲ ಒಬ್ಬ ದುಡಿಮೆಗಾರನ ಅಂಗಿ ಎಂಬುದನ್ನು ನೆನಪಿನಲ್ಲಿಡಿರಿ. ಮುಂದೆ ಈ ಮಾತಿನಿಂದ ನಮಗೆ ಪ್ರಯೋಜನವಿದೆ.

ಇನ್ನು ಈ ಹೆಸರು ಎಲ್ಲಿ, ಎಷ್ಟು ಜನರಿಗೆ ಇದೆ ಎಂಬ ಪ್ರಶ್ನೆ. ಜರ್ಮನಿಯಲ್ಲಿ ಅತಿ ಹೆಚ್ಚಾಗಿ ಕಾಣುವ ಅಡ್ಡಹೆಸರುಗಳು ಮ್ಯೂಲರ್, ಶ್ಮಿಟ್, ಶ್ನೈಡರ್, ಫಿಶರ್, ವೇಬರ್. ಅಂದರೆ ಕ್ರಮವಾಗಿ ಹಿಟ್ಟಿನ ಗಿರಣಿಯವ, ಕಂಬಾರ, ಸಿಂಪಿಗ, ಮೀನುಗಾರ, ನೇಕಾರ. ಹಿಂದೆ ಪ್ರತಿಯೊಂದು ಊರಿಗೂ ಒಂದು ಗಿರಣಿ, ಒಬ್ಬ ಕಂಬಾರ ಬೇಕೇ ಬೇಕಾಗಿದ್ದುದರಿಂದ ನೂರಾರು ಊರುಗಳಲ್ಲಿ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಇವೇ ಹೆಸರುಗಳು ಹುಟ್ಟಿದವು. ಆದುದರಿಂದಲೇ ಮ್ಯೂಲರ್ ಎಂಬವರು ಇಂದು ಲಕ್ಷಗಟ್ಟಲೆ ಇದ್ದಾರೆ. ಕಿಟೆಲ್ ಎಂಬುದು ಹಾಗೆ ಎಲ್ಲೆಡೆಯೂ ಹುಟ್ಟಿದ ಹೆಸರಲ್ಲ. ಅದು ಬಹುಮಟ್ಟಿಗೆ ಪೂರ್ವದ ಸ್ಯಾಕ್ಸನಿ, ಸಿಲೇಸಿಯಾ ಮತ್ತು ಉತ್ತರ ಬೊಹೀಮಿಯಾಗಳ ಕಡೆಯದು. 1945ರ ಬಳಿಕ ಸಿಲೇಸಿಯಾ ಪೋಲೆಂಡಿಗೆ ಸೇರಿತು. ಅಲ್ಲಿಂದಲೂ ಬೊಹೀಮಿಯಾದಿಂದಲೂ ಲಕ್ಷಾಂತರ ಜರ್ಮನರು ಹೊರದೂಡಲ್ಪಟ್ಟು ಪಶ್ಚಿಮಕ್ಕೆ ಬಂದರು. ಅವರೊಡನೆ ಅವರ ಅಡ್ಡಹೆಸರುಗಳೂ ಗಂಟುಮೂಟೆ ಕಟ್ಟಿಕೊಂಡು ಹೊಸ ಊರುಗಳಿಗೆ ಬಂದುವು. ಜರ್ಮನ್ ವಿದ್ವಾಂಸರು 2005ರ ದೂರವಾಣಿ ಸಂಪರ್ಕಗಳ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಯಾವ ಹೆಸರು ಯಾವ ಸೀಮೆಯಲ್ಲಿ ಎಷ್ಟು ಸಾಂದ್ರವಾಗಿದೆ ಎಂಬುದನ್ನು ತೋರಿಸುವ ಭೂಪಟಗಳ ದೊಡ್ಡ ಸಂಪುಟಗಳನ್ನೇ 2009ರಿಂದ ಪ್ರಕಟಿಸಿದ್ದಾರೆ. ಒಂದು ಹೆಸರಿನ ಚುಕ್ಕೆಗಳು ಎಲ್ಲಿ ದಟ್ಟವಾಗಿ ಕೂಡಿವೆಯೋ ಅಲ್ಲಿ ಅದರ ತವರು ಇರಬಹುದೆಂದು ಊಹಿಸುವುದು ಅವರ ವಿಧಾನ.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಹಳೆಯ ಮೈಸೂರು ಸೀಮೆಯಲ್ಲಿ ಅಡ್ಡಹೆಸರಿನ ರೂಢಿ ಕಡಿಮೆ. ಅಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಸಾಕು. ನಮ್ಮ ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿ ಇದ್ದುದರಿಂದ ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಮೆಟ್ಟಿಲಿನ ಪದ್ಧತಿ ಶಾಲೆಯ ದಾಖಲೆಗಳಲ್ಲಿಯೂ ಕಚೇರಿಯ ಕಾಗದಗಳಲ್ಲಿಯೂ ನೆಲೆಯೂರಿತು. 2021ರಲ್ಲಿ ಸರಕಾರವು ಈ ಭಾಗಕ್ಕೆ ಮುಂಬಯಿ ಕರ್ನಾಟಕ ಎಂಬ ಹೆಸರನ್ನು ತೆಗೆದು ಕಿತ್ತೂರು ಕರ್ನಾಟಕ ಎಂದು ಹೆಸರಿಟ್ಟಿತು. ಆಡಳಿತದ ಹೆಸರು ಹೋಯಿತು. ಆ ಆಡಳಿತ ಕಲಿಸಿದ ಪದ್ಧತಿ ನಮ್ಮ ಮನೆಗಳಲ್ಲಿ ಉಳಿಯಿತು.

ನಮ್ಮ ನಾಲ್ಕು ತಾಲೂಕುಗಳ ಅಡ್ಡಹೆಸರುಗಳನ್ನು ಗುಂಪು ಮಾಡಿ ನೋಡಿದರೆ ಜರ್ಮನ್ ಹೆಸರುಗಳಲ್ಲಿ ಕಂಡ ದಾರಿಗಳೇ ಇಲ್ಲಿಯೂ ಕಾಣುತ್ತವೆ. ಬಡಿಗೇರ, ಕಂಬಾರ, ಕುಂಬಾರ, ಪತ್ತಾರ, ಹೂಗಾರ, ಗಾಣಿಗೇರ, ಅಂಬಿಗೇರ, ಮಡಿವಾಳರ ಎಂಬಿವು ಕಸುಬಿನ ಹೆಸರುಗಳು. ಜರ್ಮನಿಯ ಶ್ಮಿಟ್ ಎಂಬವನೂ, ಇದೇ ಜಿಲ್ಲೆಯ ಘೋಡಗೇರಿಯವರಾದ ಜ್ಞಾನಪೀಠ ಪುರಸ್ಕೃತ ಕವಿ ಚಂದ್ರಶೇಖರ ಕಂಬಾರರೂ ಹೆಸರಿನ ಮಟ್ಟಿಗೆ ಒಂದೇ ಕುಲುಮೆಯ ಮುಂದೆ ನಿಂತವರು. ಧಾರವಾಡದಲ್ಲಿ ಕನ್ನಡ ಶಾಲಾ ನಿಘಂಟನ್ನು ರಚಿಸಿದ ಬಾಸೆಲ್ ಮಿಷನ್ನಿನ ಇನ್ನೊಬ್ಬ ಬೋಧಕರು ಝೀಗ್ಲರ್. ಆ ಹೆಸರಿಗೆ ಇಟ್ಟಿಗೆ, ಹೆಂಚು ಮಾಡುವವನು ಎಂದರ್ಥ.

ಎರಡನೆಯದು ಅಧಿಕಾರದ ಹೆಸರು. ದೇಸಾಯಿ, ದೇಶಪಾಂಡೆ, ಪಾಟೀಲ, ಕುಲಕರ್ಣಿ, ನಾಡಗೌಡ, ಇನಾಮದಾರ, ಕಿಲ್ಲೇದಾರ, ತಳವಾರ, ವಾಲೀಕಾರ. ಇವುಗಳಲ್ಲಿ ಕೆಲವು ಅರಮನೆಯ ಒಳಗಿನವು, ಕೆಲವು ಊರ ಬಾಗಿಲಿನವು. ಆದರೆ ಎಲ್ಲವೂ ಒಂದು ಕಾಲದಲ್ಲಿ ಒಬ್ಬ ಮನುಷ್ಯನು ಮಾಡುತ್ತಿದ್ದ ಕರ್ತವ್ಯದ ಹೆಸರುಗಳೇ. ಕಿತ್ತೂರಿನ ದೇಸಾಯಿಗಳ ಸಂಸ್ಥಾನ ಇಂದು ಇಲ್ಲ. ಭಾವೆ ಮನೆತನದವರು ಆಳುತ್ತಿದ್ದ ರಾಮದುರ್ಗ ಸಂಸ್ಥಾನವೂ 1948ರಲ್ಲಿ ವಿಲೀನವಾಯಿತು. ಅಧಿಕಾರ ಅಳಿದ ಮೇಲೂ ಅಧಿಕಾರದ ಹೆಸರು ಉಳಿಯುತ್ತದೆ.

ಮೂರನೆಯದು ಮನೆಯ ಹೆಸರು: ಹೊಸಮನಿ, ಹಳೇಮನಿ, ದೊಡಮನಿ, ಕಟ್ಟಿಮನಿ, ಮೇಲಿನಮನಿ, ಕೆಳಗಿನಮನಿ. ಹೊಸಮನಿ ಎಂಬ ಮನೆ ನೂರು ವರ್ಷ ಹಳೆಯದಾಗಿ ಮಾಳಿಗೆ ಕುಸಿದರೂ ಅದು ಹೊಸಮನಿಯೇ.

ನಾಲ್ಕನೆಯ ಗುಂಪು ಕೇಳುವವರ ಮುಖದಲ್ಲಿ ನಗು ತರಿಸುವಂಥದು: ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ, ಅಕ್ಕಿ, ಹತ್ತಿ. ನಮ್ಮ ಯುವಕರು ಬೆಂಗಳೂರಿಗೆ ಹೋದಾಗ ಇಂತಹ ಅಡ್ಡಹೆಸರು ಕೇಳಿ ಅಲ್ಲಿನವರು ನಗುತ್ತಾರಂತೆ. ನಗುವವರು ನಗಲಿ. ಆದರೆ ಇವುಗಳ ವ್ಯಾಕರಣವನ್ನು ಗಮನಿಸಿರಿ. ಬೆಲ್ಲದ, ತುಪ್ಪದ, ಗೌಡರ, ಮಡಿವಾಳರ ಎಂಬಿವು ಷಷ್ಠೀ ವಿಭಕ್ತಿಯ ರೂಪಗಳು. ಬೆಲ್ಲದ ಅಂದರೆ ಬೆಲ್ಲದ ವ್ಯಾಪಾರದ ಮನೆಯವರು. ಗೌಡರ ಅಂದರೆ ಗೌಡರ ಮನೆಯವರು. ಕಾಲಕ್ರಮದಲ್ಲಿ ಮನೆಯವರು ಎಂಬ ಪದ ಬಿದ್ದುಹೋಗಿ ವಿಭಕ್ತಿ ಮಾತ್ರ ಬಾಲದಂತೆ ಉಳಿಯಿತು. ಕಿಟೆಲ್ಲರು ಹುಟ್ಟಿದ ಪೂರ್ವ ಫ್ರೀಸಿಯಾದಲ್ಲಿಯೂ ಇದೇ ವಿಭಕ್ತಿ ಕೆಲಸ ಮಾಡಿದೆ. ಅಲ್ಲಿ ಹಾರ್ಮ್ ಎಂಬವನ ಮಗ ಹಾರ್ಮ್ಸ್, ಯಾನ್ ಎಂಬವನ ಮಗ ಯಾನ್ಸೆನ್. ಅಂದರೆ ಹಾರ್ಮನ, ಯಾನನ ಎಂದೇ ಅರ್ಥ. ತಲೆಮಾರಿಗೊಮ್ಮೆ ಬದಲಾಗುತ್ತಿದ್ದ ಈ ಹೆಸರುಗಳನ್ನು ನಿಲ್ಲಿಸಿ ಪ್ರತಿಯೊಂದು ಮನೆತನವೂ ಸ್ಥಿರವಾದ ಅಡ್ಡಹೆಸರನ್ನು ಇಟ್ಟುಕೊಳ್ಳಬೇಕೆಂದು ಆಜ್ಞೆ ಹೊರಟದ್ದು ನೆಪೋಲಿಯನ್ ಚಕ್ರವರ್ತಿಯ ಕಾಲದಲ್ಲಿ, 1811ರಲ್ಲಿ. ಇನ್ನೂ ಹತ್ತಿರದ ಉದಾಹರಣೆ ಬೇಕೇ? ಗೋವೆಯಿಂದ ಬಂದ ನಮ್ಮ ಕೊಂಕಣಿ ಬಾಂಧವರ ಫೆರ್ನಾಂಡಿಸ್ ಎಂಬುದು ಫೆರ್ನಾಂಡೋನ ಮಗ, ರೊಡ್ರಿಗಸ್ ಎಂಬುದು ರೊಡ್ರಿಗೋನ ಮಗ ಎಂಬರ್ಥದ ಪೋರ್ಚುಗೀಸ್ ಹೆಸರುಗಳು. ಜ್ಞಾನಸ್ನಾನದ ಸಮಯದಲ್ಲಿ ಜ್ಞಾನತಂದೆಯಿಂದಲೋ ಗುರುಗಳಿಂದಲೋ ಆ ಹೆಸರುಗಳು ಬಂದುವು. ಹೀಗೆ ಕೆಲವೇ ಹೆಸರುಗಳನ್ನು ಸಾವಿರಾರು ಮನೆಗಳಿಗೆ ಹಂಚಿದ್ದರಿಂದ ಅವು ಇಂದು ಇಷ್ಟು ಬಳಕೆಯಲ್ಲಿವೆ. ಕರಾವಳಿಯ ಕೆಲವು ಮನೆತನಗಳು ಪ್ರಭು, ಕಾಮತ್, ಶೆಣೈ ಮೊದಲಾದ ತಮ್ಮ ಹಿಂದಿನ ಹೆಸರನ್ನು ಇಂದಿಗೂ ನೆನಪಿನಲ್ಲಿಟ್ಟುಕೊಂಡಿವೆ.

ಐದನೆಯದು ಊರ ಹೆಸರು. ಇಲ್ಲಿ ಒಂದು ಸ್ವಾರಸ್ಯವಿದೆ. ಬೈಲಹೊಂಗಲ ಎಂಬ ಅಡ್ಡಹೆಸರಿನವರನ್ನು ಬೈಲಹೊಂಗಲದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಹುಬ್ಬಳ್ಳಿ, ಧಾರವಾಡಗಳಲ್ಲಿ ಹುಡುಕಬೇಕು. ಊರಿನಲ್ಲಿರುವ ಎಲ್ಲರೂ ಬೈಲಹೊಂಗಲದವರೇ ಆಗಿರುವಾಗ ಆ ಹೆಸರಿನಿಂದ ಒಬ್ಬನನ್ನು ಗುರುತಿಸುವುದು ಹೇಗೆ? ಊರು ಬಿಟ್ಟು ಹೋದವನಿಗೆ ಮಾತ್ರ ಊರಿನ ಹೆಸರು ಅಂಟುತ್ತದೆ. ಸವದತ್ತಿ, ಮುನವಳ್ಳಿ, ಯರಗಟ್ಟಿ, ನೇಸರಗಿ, ಮುರಗೋಡ, ಹೂಲಿ ಮುಂತಾದ ಅಡ್ಡಹೆಸರುಗಳು ಇಂದು ಎಲ್ಲೆಲ್ಲಿ ಇವೆಯೋ ಅಲ್ಲಿಗೆ ಯಾರೋ ಒಬ್ಬ ಪೂರ್ವಜರು ಎಂದೋ ನಡೆದು ಬಂದಿದ್ದಾರೆ ಎಂದು ತಿಳಿಯಬೇಕು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ವೀರ ರಾಯಣ್ಣನನ್ನು ನಾಡು ನೆನೆಯುವುದು ಸಂಗೊಳ್ಳಿಯ ಹೆಸರಿನಿಂದಲೇ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಮಡಿದ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಅಡ್ಡಹೆಸರೂ ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಒಂದು ಸ್ಥಳದ ಹೆಸರೇ. ಹುಲ್ಲುಜೊಂಡು ಬೆಳೆಯುವ ಮೂಲೆ ಎಂದು ಅದರ ಅರ್ಥ. ಕ್ರೈಸ್ತರಲ್ಲಿ ನೋಡಿದರೆ, ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಶೋಧಿಸಿದ ರೆವರೆಂಡ್ ಚನ್ನಪ್ಪ ಉತ್ತಂಗಿಯವರು ಬಳ್ಳಾರಿ ಸೀಮೆಯ ಹಡಗಲಿ ಕಡೆಯ ಉತ್ತಂಗಿ ಎಂಬ ಊರಿನ ಹೆಸರನ್ನು ಹೊತ್ತುಕೊಂಡೇ 1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಏರಿದರು. ಕ್ರೈಸ್ತರಾದುದಕ್ಕೆ ಅವರು ಕನ್ನಡದ ಅಡ್ಡಹೆಸರನ್ನು ಬಿಡಬೇಕಾಗಲಿಲ್ಲ.

ಹೆಸರು ಹುಟ್ಟುವ ಬಗೆಯನ್ನು ನೋಡಿದೆವು. ಹೆಸರು ವಿರಳವಾಗುವುದು ಹೇಗೆ? ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿಗೆ 1873ರಲ್ಲಿ ಇದೇ ಪ್ರಶ್ನೆ ಎದುರಾಯಿತು. ದೊಡ್ಡ ದೊಡ್ಡ ಮನೆತನಗಳ ಹೆಸರುಗಳು ಏಕೆ ಅಳಿದುಹೋಗುತ್ತವೆ, ಅವುಗಳ ರಕ್ತದಲ್ಲೇನಾದರೂ ದೌರ್ಬಲ್ಯವಿದೆಯೇ ಎಂದು ಆತ ವಿಚಾರಿಸಿದ. ಅದಕ್ಕೆ ಗಣಿತದ ದಾರಿಯನ್ನು ತೋರಿಸಿದವನು ವಾಟ್ಸನ್ ಎಂಬ ಪಾದ್ರಿ. 1874ರಲ್ಲಿ ಇಬ್ಬರೂ ಕೂಡಿ ಅದನ್ನು ಪ್ರಕಟಿಸಿದರು. ಒಂದು ಊರಿನಲ್ಲಿ ನೂರು ಮನೆಗಳು, ನೂರು ಬೇರೆ ಬೇರೆ ಅಡ್ಡಹೆಸರುಗಳು ಇವೆಯೆಂದು ಭಾವಿಸಿರಿ. ಹೆಸರು ಗಂಡುಮಕ್ಕಳಿಂದ ಮಾತ್ರ ಮುಂದುವರಿಯುವ ಪದ್ಧತಿ ಇದೆಯೆನ್ನಿ. ಒಂದು ಮನೆಯಲ್ಲಿ ಹೆಣ್ಣುಮಕ್ಕಳೇ ಹುಟ್ಟಿದರು. ಅಲ್ಲಿಗೆ ಆ ಹೆಸರು ನಿಂತಿತು. ಇನ್ನೊಂದು ಮನೆಯಲ್ಲಿ ಮಕ್ಕಳಿಲ್ಲ. ಮತ್ತೊಂದು ಮನೆಯ ಒಬ್ಬನೇ ಮಗ ನಮ್ಮಂತೆ ಗುರುದೀಕ್ಷೆ ಪಡೆದ. ಹತ್ತು ತಲೆಮಾರು ಕಳೆಯುವಷ್ಟರಲ್ಲಿ ಜನಸಂಖ್ಯೆ ಕಡಿಮೆಯಾಗದಿದ್ದರೂ ಹೆಸರುಗಳ ಸಂಖ್ಯೆ ಕಡಿಮೆಯಾಗುತ್ತದೆ. ಉಳಿದ ಹೆಸರುಗಳು ಹಬ್ಬುತ್ತವೆ. ಸಾವಿರಾರು ವರ್ಷಗಳಿಂದ ಅಡ್ಡಹೆಸರುಳ್ಳ ಚೀನಾ ದೇಶದಲ್ಲಿ ವಾಂಗ್, ಲೀ, ಝಾಂಗ್ ಮುಂತಾದ ಕೆಲವೇ ಹೆಸರುಗಳು ಕೋಟ್ಯಂತರ ಜನರಿಗೆ ಇರುವುದಕ್ಕೆ ಇದೂ ಒಂದು ಕಾರಣ. ಆದುದರಿಂದ ಒಂದು ಹೆಸರು ವಿರಳವಾಗಿದೆ ಎಂದ ಮಾತ್ರಕ್ಕೆ ಆ ಮನೆತನ ಶ್ರೇಷ್ಠವೆಂದಾಗಲಿ, ಕ್ಷೀಣವೆಂದಾಗಲಿ ತಿಳಿಯಬೇಕಾಗಿಲ್ಲ. ಹೆಸರು ಹೇರಳವಾಗಿದೆ ಎಂದ ಮಾತ್ರಕ್ಕೆ ಅಗ್ಗವೂ ಅಲ್ಲ.

ಪ್ರಿಯರೇ, ಹುಟ್ಟಿದ ಹೆಸರು ಕಳೆಯದಂತೆ ಹಿಡಿದಿಡುವುದರಲ್ಲಿ ನಮ್ಮ ಧರ್ಮಸಭೆಗೆ ದೊಡ್ಡ ಪಾಲಿದೆ. 1563ರಲ್ಲಿ ಟ್ರೆಂಟ್ ಮಹಾಸಭೆಯು ಪ್ರತಿಯೊಬ್ಬ ಧರ್ಮಕೇಂದ್ರದ ಗುರುವೂ ವಿವಾಹವಾದವರ ಮತ್ತು ಸಾಕ್ಷಿಗಳ ಹೆಸರುಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಜ್ಞಾನತಂದೆ ಜ್ಞಾನತಾಯಿಯರ ಹೆಸರುಗಳನ್ನೂ ದಾಖಲಿಸಲು ಆಜ್ಞಾಪಿಸಿತು. 1614ರ ರೋಮನ್ ವಿಧಿಗ್ರಂಥದಲ್ಲಿ ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಮತ್ತು ಕುಟುಂಬಗಳ ಸ್ಥಿತಿ ಎಂಬ ಐದು ದಫ್ತರಗಳ ಕ್ರಮ ಏರ್ಪಟ್ಟಿತು. ಇಂದಿನ ಧರ್ಮಸಭಾ ಕಾನೂನು, ಅಂದರೆ 1983ರ ಸಂಹಿತೆ, ಅದೇ ಕರ್ತವ್ಯವನ್ನು ಗುರುಗಳ ಮೇಲೆ ಹೊರಿಸಿದೆ. ಯೂರೋಪಿನ ಬಡ ರೈತನ ಹೆಸರು ರಾಜನ ಕಡತದಲ್ಲಿ ಬರೆಯಲ್ಪಡುವುದಕ್ಕೆ ಬಹಳ ಮೊದಲೇ ದೇವಾಲಯದ ದಫ್ತರದಲ್ಲಿ ಬರೆಯಲ್ಪಟ್ಟಿತು. ಅರಸನ ಮಗುವಿಗೂ ಒಂದೇ ಸಾಲು, ಆಳಿನ ಮಗುವಿಗೂ ಒಂದೇ ಸಾಲು.

ಆದರೆ ಅದೇ ದಫ್ತರ ಒಮ್ಮೆ ಹೇಗೆ ದುರುಪಯೋಗವಾಯಿತು ಎಂಬುದನ್ನೂ ನಾನು ಹೇಳಲೇಬೇಕು. ನಾವು ಗುರುಮಠದಲ್ಲಿ ಧರ್ಮಶಾಸ್ತ್ರವನ್ನು ಓದುವಾಗ ಕಿಟೆಲ್ ಎಂದರೆ ನಿಘಂಟಿನ ಕಿಟೆಲ್ ಒಬ್ಬರೇ ಆಗಿರಲಿಲ್ಲ. ಹೀಬ್ರೂ ಬೈಬಲನ್ನು ಶೋಧಿಸಿ 1906ರಲ್ಲಿ ಪ್ರಕಟಿಸಿದ ರುಡಾಲ್ಫ್ ಕಿಟೆಲ್ ಇದ್ದರು. ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಮಹಾಕೋಶವನ್ನು ಆರಂಭಿಸಿದ ಅವರ ಮಗ ಗೆರ್ಹಾರ್ಡ್ ಕಿಟೆಲ್ ಇದ್ದರು. ಗೆರ್ಹಾರ್ಡ್ ಕಿಟೆಲ್ ಮಹಾ ವಿದ್ವಾಂಸರು. ಆದರೆ 1933ರಲ್ಲಿ ಹಿಟ್ಲರನ ನಾಜಿ ಪಕ್ಷವನ್ನು ಸೇರಿ, ಅದೇ ವರ್ಷ ಯೆಹೂದ್ಯರ ವಿರುದ್ಧ ಪುಸ್ತಕವನ್ನೂ ಬರೆದರು. ತಂದೆ ಹೀಬ್ರೂ ಧರ್ಮಗ್ರಂಥಕ್ಕೆ ಬಾಳನ್ನು ಸವೆಸಿದರು. ಮಗ ಆ ಗ್ರಂಥದ ಜನರ ಶತ್ರುಗಳ ಪಕ್ಷಕ್ಕೆ ಹೋದ. ಹೆಸರು ಪುಣ್ಯವನ್ನೂ ಪಾಪವನ್ನೂ ಹೊತ್ತು ತರುವುದಿಲ್ಲ. ಅದನ್ನು ಹೊತ್ತವನೇ ಎರಡನ್ನೂ ಗಳಿಸಿಕೊಳ್ಳುತ್ತಾನೆ.

ಅದೇ 1933ರಿಂದ ಜರ್ಮನಿಯಲ್ಲಿ ಸರಕಾರಿ ನೌಕರಿಯಲ್ಲಿ ಇರುವವರು ತಮ್ಮ ಅಜ್ಜ ಅಜ್ಜಿಯರು ಯೆಹೂದ್ಯರಲ್ಲವೆಂದು ದಾಖಲೆ ತೋರಿಸಬೇಕಾಯಿತು. ದಾಖಲೆ ಎಲ್ಲಿದೆ? ದೇವಾಲಯಗಳ ಜ್ಞಾನಸ್ನಾನದ ದಫ್ತರಗಳಲ್ಲಿ. ದೇವರ ಮಕ್ಕಳಾದವರ ಹೆಸರು ಬರೆದಿಟ್ಟ ಪುಸ್ತಕದಿಂದಲೇ ಯಾರ ರಕ್ತ ಯಾವುದೆಂದು ಅಳೆಯುವ ಕಾಗದಗಳು ಹೊರಟವು. 1891ರಲ್ಲಿ ಸಿಲೇಸಿಯಾದ ಬ್ರೆಸ್ಲಾವ್ ನಗರದ ಯೆಹೂದ್ಯ ಮನೆಯಲ್ಲಿ ಹುಟ್ಟಿದ ಎಡಿತ್ ಸ್ಟೈನ್ 1922ರ ಜನವರಿ 1ರಂದು ಜ್ಞಾನಸ್ನಾನ ಪಡೆದು, ಮುಂದೆ ಕಾರ್ಮೆಲ್ ಸಭೆಯ ಸನ್ಯಾಸಿನಿಯಾದರು. ಅವರನ್ನು ಹಿಡಿದೊಯ್ದವರು ಜ್ಞಾನಸ್ನಾನವನ್ನು ನೋಡಲಿಲ್ಲ, ಮನೆತನವನ್ನು ನೋಡಿದರು. 1942ರ ಆಗಸ್ಟ್ 9ರಂದು ಔಷ್ವಿಟ್ಜ್ ಶಿಬಿರದಲ್ಲಿ ಅವರ ಪ್ರಾಣ ಹೋಯಿತು. 1998ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ದಫ್ತರದಲ್ಲಿ ಬರೆದದ್ದು ಸತ್ಯವೇ ಆಗಿತ್ತು. ಅದನ್ನು ತೆರೆದು ಪ್ರಶ್ನೆ ಕೇಳಿದವನ ಉದ್ದೇಶ ದುಷ್ಟವಾಗಿತ್ತು.

ನಾನು ಇಷ್ಟು ದೂರ ಹೋಗಿ ಬಂದುದು ನಮ್ಮ ಮನೆಯಂಗಳದ ಒಂದು ಮಾತಿಗಾಗಿ. ನಮ್ಮ ಕಡೆ ಹೊಸಬರು ಸಿಕ್ಕಾಗ ಹೆಸರು ಕೇಳಿದ ಮೇಲೆ, ನಿಮ್ಮ ಅಡ್ಡಹೆಸರೇನ್ರೀ ಎಂದು ಕೇಳುವ ರೂಢಿಯಿದೆ. ಒಮ್ಮೊಮ್ಮೆ ಅದು ಪ್ರೀತಿಯ ಪ್ರಶ್ನೆ: ಯಾವ ಊರು, ಯಾರ ಪೈಕಿ, ನಮಗೇನಾದರೂ ಬಳಗವೇ ಎಂದು ತಿಳಿಯುವ ಹಂಬಲ. ಒಮ್ಮೊಮ್ಮೆ ಅದು ಪ್ರೀತಿಯ ಪ್ರಶ್ನೆಯಲ್ಲ. ಜಾತಿ ಯಾವುದೆಂದು ನೇರವಾಗಿ ಕೇಳಲು ನಾಚುವವನು ಅಡ್ಡಹೆಸರಿನ ಹಿಂದೆ ಅಡಗಿ ಕೇಳುತ್ತಾನೆ. ಉತ್ತರ ಬಂದೊಡನೆ ಕೂಡಿಸುವ ಜಾಗ ಬದಲಾಗುತ್ತದೆ, ಕುಡಿಯಲು ಕೊಡುವ ಬಟ್ಟಲು ಬದಲಾಗುತ್ತದೆ, ಹೆಣ್ಣು ಕೊಡುವ ಮಾತು ಅಲ್ಲಿಗೇ ನಿಲ್ಲುತ್ತದೆ. ದೇವಾಲಯದ ಹೊರಗೆ ಹೀಗಾದರೆ ದುಃಖ. ಒಂದೇ ಬಲಿಪೀಠದಿಂದ ಕ್ರಿಸ್ತಪ್ರಸಾದವನ್ನು ಸ್ವೀಕರಿಸಿದವರ ನಡುವೆಯೂ ಹೀಗಾದರೆ ಪಾಪ. ಈ ಶತಮಾನೋತ್ಸವದ ಸಂಭ್ರಮದಲ್ಲಿ ಈ ಮಾತು ಕಹಿಯಾಗಿ ಕಂಡರೆ ಕ್ಷಮಿಸಿರಿ. ಔಷಧ ಸಿಹಿಯಾಗಿರಬೇಕೆಂಬ ನಿಯಮವಿಲ್ಲ.

ಈ ಕಾರಣದಿಂದಲೇ ನಮ್ಮ ಕೆಲವು ಮನೆಗಳಲ್ಲಿ ಯುವಕರು ಅಡ್ಡಹೆಸರನ್ನು ಬಚ್ಚಿಡುತ್ತಾರೆ. ಶಾಲೆಯ ದಾಖಲೆಯಲ್ಲಿ ಅದನ್ನು ಬಿಟ್ಟು ಊರ ಹೆಸರನ್ನೋ ಅಜ್ಜನ ಹೆಸರನ್ನೋ ಬರೆಸುತ್ತಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಅವರನ್ನು ನಾನು ದೂಷಿಸಲಾರೆ. ಆದರೆ ಅವರಿಗೆ ಒಂದು ಮಾತನ್ನು ನೆನಪಿಸುತ್ತೇನೆ. ನಮ್ಮ ಪ್ರಭುವನ್ನು ಜನರು ಗುರುತಿಸಿದ್ದು ಯಾವ ಹೆಸರಿನಿಂದ? ಊರಿನಿಂದ ಗುರುತಿಸಿದರು, ನಜರೇತಿನ ಯೇಸು ಎಂದು. ಆ ಊರಿನಿಂದ ಒಳ್ಳೆಯದೇನಾದರೂ ಬಂದೀತೇ ಎಂದು ನತಾನಿಯೇಲನು ಸಂದೇಹಪಟ್ಟದ್ದು ಶುಭಸಂದೇಶದಲ್ಲಿಯೇ ಇದೆ. ಕಸುಬಿನಿಂದ ಗುರುತಿಸಿದರು, ಬಡಗಿಯ ಮಗ ಎಂದು. ಅದನ್ನು ಹೇಳಿದವರು ಗೌರವದಿಂದ ಹೇಳಲಿಲ್ಲ, ತಾತ್ಸಾರದಿಂದ ಹೇಳಿದರು. ಪ್ರಭು ನಮ್ಮ ಸವದತ್ತಿಯ ಕಡೆ ಹುಟ್ಟಿದ್ದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಯೇಸು ಜೋಸೆಫ್ ಬಡಿಗೇರ ಎಂದು ಇರುತ್ತಿತ್ತು. ಅವರು ಆ ಹೆಸರನ್ನು ಬದಲಿಸಿಕೊಳ್ಳಲಿಲ್ಲ. ಆ ಹೆಸರಿಗೆ ಹೊಸ ಅರ್ಥವನ್ನು ಕೊಟ್ಟರು. ತಳವಾರ ಎಂದರೆ ಊರು ಮಲಗಿದಾಗ ಎಚ್ಚರವಿದ್ದವನು. ಮಡಿವಾಳ ಎಂದರೆ ಊರಿನ ಕೊಳೆಯನ್ನು ತೊಳೆದವನು. ಕಂಬಾರ ಎಂದರೆ ಒಕ್ಕಲಿಗನ ನೇಗಿಲಿಗೆ ಕುಳ ಮಾಡಿಕೊಟ್ಟವನು. ಇವುಗಳಲ್ಲಿ ನಾಚಿಕೆಪಡುವಂಥದು ಯಾವುದಿದೆ? ನಾಚಿಕೆ ಪಡಬೇಕಾದವರು ಆ ಹೆಸರನ್ನು ಕೇಳಿ ಮುಖ ತಿರುಗಿಸುವವರು.

ಕೊನೆಯದಾಗಿ, ಶತಮಾನೋತ್ಸವದ ನೆನಪಿಗಾಗಿ ಪ್ರತಿಯೊಂದು ಮನೆಯವರಲ್ಲಿ ಮೂರು ಅರಿಕೆಗಳನ್ನು ಮಾಡುತ್ತೇನೆ.

ಮೊದಲನೆಯದು, ನಿಮ್ಮ ಹೆಸರನ್ನು ಎಲ್ಲೆಡೆಯೂ ಒಂದೇ ರೀತಿಯಲ್ಲಿ ಬರೆಯಿಸಿರಿ. ಜ್ಞಾನಸ್ನಾನದ ಪತ್ರದಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು ಆದರೆ ನಾಳೆ ಪಾಸ್‌ಪೋರ್ಟಿಗೆ, ಪಿಂಚಣಿಗೆ, ಹೊಲದ ಉತಾರಕ್ಕೆ ಅಲೆದಾಡುವವರು ನಿಮ್ಮ ಮಕ್ಕಳೇ. ಹೊಸಮನಿ ಎಂಬುದನ್ನು ಇಂಗ್ಲಿಷಿನಲ್ಲಿ ಅಣ್ಣ ಒಂದಕ್ಷರ ಹೆಚ್ಚು ಹಾಕಿ, ತಮ್ಮ ಒಂದಕ್ಷರ ಕಡಿಮೆ ಮಾಡಿ ಬರೆದರೆ ಒಂದೇ ತಾಯಿಯ ಮಕ್ಕಳು ಕಾಗದದಲ್ಲಿ ಎರಡು ಮನೆತನದವರಾಗುತ್ತಾರೆ. ಜರ್ಮನಿಯಲ್ಲಿ ಒಂದೇ ಕಂಬಾರ ಎಂಬ ಅರ್ಥದ ಹೆಸರು ಶ್ಮಿಟ್, ಶ್ಮೀಡ್, ಶ್ಮಿಟ್ಸ್ ಎಂದು ಒಡೆದುಹೋದದ್ದೂ ಬರವಣಿಗೆಯ ಹಾಗೂ ಉಚ್ಚಾರದ ಭೇದಗಳಿಂದಲೇ.

ಎರಡನೆಯದು, ಮನೆಯಲ್ಲಿ ಹಿರಿಯರು ಇರುವಾಗಲೇ ಅವರನ್ನು ಕೂಡಿಸಿಕೊಂಡು ನಾಲ್ಕು ತಲೆಮಾರಿನ ಹೆಸರುಗಳನ್ನು ಒಂದು ವಹಿಯಲ್ಲಿ ಬರೆಯಿರಿ. ಅಜ್ಜನ ಊರು ಯಾವುದು, ಅಡ್ಡಹೆಸರು ಹೇಗೆ ಬಂತು, ಮೊದಲು ಜ್ಞಾನಸ್ನಾನ ಪಡೆದವರು ಯಾರು ಎಂದು ಕೇಳಿ ದಾಖಲಿಸಿರಿ. ಬರೆಯುವಾಗ ಅಮ್ಮ, ಅಜ್ಜಿಯರ ತವರಿನ ಅಡ್ಡಹೆಸರನ್ನು ಮರೆಯಬೇಡಿರಿ. ಹೆಸರು ಗಂಡಿನಿಂದ ಮಾತ್ರ ನಡೆಯುತ್ತದೆ ಎಂಬುದು ರೂಢಿಯೇ ಹೊರತು ದೈವನಿಯಮವಲ್ಲ. ಜರ್ಮನಿಯಲ್ಲಿ 2025ರ ಮೇ 1ರಿಂದ ಗಂಡಹೆಂಡಿರು ಇಬ್ಬರ ಅಡ್ಡಹೆಸರುಗಳನ್ನೂ ಜೋಡಿಸಿ ಇಟ್ಟುಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. ಹೆಣ್ಣುಮಕ್ಕಳೇ ಇರುವ ಮನೆಯವರು ನಮ್ಮ ಹೆಸರು ಅಳಿಯಿತೆಂದು ಕೊರಗಬೇಕಾಗಿಲ್ಲ. ಹೆಸರನ್ನು ಉಳಿಸಲು ಮಗಳಿಗೂ ಕೈಯಿದೆ, ಲೇಖನಿಯಿದೆ.

ಮೂರನೆಯದು, ಈ ಧರ್ಮಕೇಂದ್ರದಲ್ಲಿ ಇನ್ನು ಮುಂದೆ ಯಾರೂ ಯಾರ ಅಡ್ಡಹೆಸರನ್ನೂ ಎತ್ತರ ತಗ್ಗು ಅಳೆಯುವುದಕ್ಕಾಗಿ ಕೇಳದಿರಲಿ. ಪಂಕ್ತಿಯಲ್ಲಿ ಕೂಡಿಸುವಾಗ, ಪಾಲನಾ ಸಮಿತಿಗೆ ಆರಿಸುವಾಗ, ವಿಶೇಷವಾಗಿ ಮಕ್ಕಳ ವಿವಾಹದ ಮಾತುಕತೆಯಾಡುವಾಗ ಈ ಮಾತು ನೆನಪಿರಲಿ.

ಕಿಟೆಲ್ ಎಂಬ ಹೆಸರಿನವರು ಜರ್ಮನಿಯಲ್ಲಿ ಮ್ಯೂಲರರಂತೆ ಲಕ್ಷಗಟ್ಟಲೆ ಇಲ್ಲ. ಕನ್ನಡ ನಾಡಿನಲ್ಲಿ ಆ ಮನೆತನವೇ ಇಲ್ಲ. ಆದರೂ ಧಾರವಾಡದ ಕಾಲೇಜೊಂದು ಆ ಹೆಸರನ್ನು ಹೊತ್ತಿದೆ, ಬೆಂಗಳೂರಿನಲ್ಲಿ ಅವರ ಪ್ರತಿಮೆ ನಿಂತಿದೆ, ಕನ್ನಡ ಓದುವ ಮಕ್ಕಳು ಆ ಹೆಸರನ್ನು ಬಲ್ಲರು. ವಂಶದಿಂದ ಹಬ್ಬದ ಹೆಸರು ಸೇವೆಯಿಂದ ಹಬ್ಬಿತು. ನಮ್ಮ ಹೆಸರುಗಳೂ ಹಾಗೆ ಉಳಿಯಲಿ. ಆ ಹೆಸರಿನ ಮೂಲಾರ್ಥ ಒಂದು ಮೇಲಂಗಿ ಎಂದು ಹೇಳಿದ್ದೆ. ಜ್ಞಾನಸ್ನಾನದ ದಿನ ನಮಗೆಲ್ಲರಿಗೂ ಬಿಳಿಯ ವಸ್ತ್ರವೊಂದನ್ನು ಹೊದಿಸಿದರು. ದೇಸಾಯಿಯ ಕೂಸಿಗೂ ತಳವಾರನ ಕೂಸಿಗೂ ಅದು ಒಂದೇ ಬಿಳುಪು. ಅದನ್ನು ಕೊಳೆಯಾಗದಂತೆ ಕಾಪಾಡಿಕೊಂಡು ಹೋಗುವ ಶಕ್ತಿಯನ್ನು ನಮ್ಮನ್ನು ಹೆಸರು ಹಿಡಿದು ಕರೆಯುವ ಉತ್ತಮ ಕುರಿಗಾಹಿಯು ತಮ್ಮೆಲ್ಲರಿಗೂ ದಯಪಾಲಿಸಲೆಂದು ಪ್ರಾರ್ಥಿಸುತ್ತೇನೆ.